ನೆಲದ ಟಿಕೆಟ್

ಸಂಜೆ ಮಡಿವಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕಾರಲ್ಲಿ ಕೂತವರಿಗೆ ಡ್ರೈವ್-ಇನ್ ಸಿನಿಮಾ ಅಂದ್ರೇನು ಅಂತ ವಿವರಿಸಬೇಕಿಲ್ಲ, ಪರದೆಯೊಂದೇ ಕಮ್ಮಿ. 1933ರಲ್ಲಿ ಅಮೆರಿಕದ ಕ್ಯಾಮ್ಡೆನ್‌ನಲ್ಲಿ ಹುಟ್ಟಿದ ಈ ಏರ್ಪಾಡು 1973ರಲ್ಲಿ ಅಹಮದಾಬಾದಿಗೂ ಬಂತು.

ಆದರೆ ನಮ್ಮ ಬಯಲು ಸಿನಿಮಾ ಅಂದ್ರೆ ಟೂರಿಂಗ್ ಟಾಕೀಸ್, ಟೆಂಟು. ಕಾರು ಬೇಡ, ನೆಲ ಸಾಕು. ಕತ್ತಲಾಗುತ್ತಲೇ ದೇವರ ಹಾಡು, ಊರೆಲ್ಲ ಹೊರಡುತ್ತಿತ್ತು. ಪ್ರೊಜೆಕ್ಟರ್ ಒಂದೇ, ಹಾಗಾಗಿ ರೀಲು ಬದಲಿಸುವಾಗೆಲ್ಲ ಇಂಟರ್‌ವಲ್. ಇಂಜಿನಿಯರಿಂಗ್ ಓದಿದ ನನಗೆ ಅದು ದೋಷ. ಕಡಲೆಕಾಯಿ ಮಾರುವವನಿಗೆ ವರ.

ನಾವು ಟಿವಿಯವರು ಬಂದೆವು, ಟೆಂಟು ಹೋಯ್ತು. 2017ರಲ್ಲಿ ಗಾಂಧಿನಗರದ 1,465 ಸೀಟಿನ ಕಪಾಲಿಯೂ ನೆಲಸಮವಾಯ್ತು. ಮಡಿವಾಳ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಹೆಂಡತಿ ಮಕ್ಕಳ ಜೊತೆ ಮಲ್ಟಿಪ್ಲೆಕ್ಸಿಗೆ ಹೋದರೆ ಆ ದಿನದ ಕೂಲಿ ಉಳಿಯುತ್ತಾ? ಟೆಂಟಿನಲ್ಲಿ ಅವರಿಗೆ ಅಂತಲೇ ನೆಲದ ಟಿಕೆಟ್ ಇತ್ತು.