ಪ್ರಸಾದದ ಜೊತೆಗೆ ಕಾಯಕವೂ ಬೇಕು

ವಿಕಲಚೇತನರು ಮಠಕ್ಕೆ ಬಂದರೆ ಪ್ರೀತಿಯಿಂದ ಪ್ರಸಾದ ನೀಡುತ್ತೇವೆ. ಅವರೇ ದುಡಿಯಲು ಬಂದರೆ ಕೆಲಸ ಕೊಡುತ್ತೇವೆಯೇ?

ನೆರೆಯ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ 2017ರಲ್ಲಿ ಅಲೀನಾ ಆಲಂ ಆರಂಭಿಸಿದ ‘ಮಿಟ್ಟಿ ಕೆಫೆ’ಯಲ್ಲಿ ಚಹಾ ಮಾಡುವವರು, ಬಡಿಸುವವರು ವಿಕಲಚೇತನರೇ. 2023ರಲ್ಲಿ ಅದರ ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು.

2016ರ ಕಾಯ್ದೆಯಂತೆ ಸರ್ಕಾರಿ ನೌಕರಿಯಲ್ಲಿ ಅವರಿಗೆ ಕನಿಷ್ಠ ಶೇ. 4 ಮೀಸಲಾತಿ ಇದೆ. ಖಾನಾವಳಿಗಳಿಗೆ ಆ ಕಡ್ಡಾಯವಿಲ್ಲ. ಅಲ್ಲಿ ಮಾಲೀಕರು ಮನಸ್ಸು ಮಾಡಬೇಕು.

ಸೇವೆಯಲ್ಲಿದ್ದಾಗ ನಾನು ಕಟ್ಟಿಸಿದ ಕಟ್ಟಡಗಳಿಗೂ ಮೆಟ್ಟಿಲಿದ್ದವು, ಇಳಿಜಾರು ದಾರಿ ಇರಲಿಲ್ಲ. ಆ ತಪ್ಪು ನನ್ನದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಖಾನಾವಳಿಯವರಲ್ಲಿ ವಿನಂತಿ: ಒಬ್ಬರಿಗಾದರೂ ಕೆಲಸ ಕೊಡಿ, ಪೂರ್ತಿ ಪಗಾರ ಕೊಡಿ. ಇಳಿಜಾರು ದಾರಿಯ, ತಗ್ಗಿನ ಅಡುಗೆಕಟ್ಟೆಯ ನಕ್ಷೆಯನ್ನು ನಾನು ಉಚಿತವಾಗಿ ಮಾಡಿಕೊಡುತ್ತೇನೆ.