ನೆಲದೊಳಗಿನ ಬಟ್ಟೆ, ನೆಲದ ಮೇಲಿನ ರಸ್ತೆ



ಇಂಜಿನಿಯರುಗಳ ದೊಡ್ಡ ಸಮ್ಮೇಳನಕ್ಕೆ ಮುಂಚೆ ಒಂದು ಕರೆ ಹೊರಡುತ್ತದೆ. 'ನೀವು ಮಾಡಿದ ಕೆಲಸದ ಸಾರಾಂಶ ಕಳಿಸಿರಿ. ತಜ್ಞರು ಒಪ್ಪಿದರೆ ಪೂರ್ಣ ಪ್ರಬಂಧ ಬರೆದು ಬಂದು ಮಂಡಿಸಿರಿ' ಎಂಬುದು ಅದರ ತಾತ್ಪರ್ಯ. ಜಿಯೋಸಿಂಥೆಟಿಕ್ ಸಾಮಗ್ರಿಗಳ ಬಗೆಗಿನ ಇಂಥ ಕರೆಗೂ ಜತ್ತ, ಅಕ್ಕಲಕೋಟೆಯ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು.

ಹೆಸರು ಹೊಸದು, ವಸ್ತು ನಮ್ಮ ಹೊಲದಲ್ಲೇ ಇದೆ. ದಾಳಿಂಬೆ ತೋಟದ ಕೃಷಿ ಹೊಂಡಕ್ಕೆ, ಅಂದರೆ ಮರಾಠಿಯ ಶೇತತಳೆಗೆ, ಹಾಸುವ ಪ್ಲಾಸ್ಟಿಕ್ ಹಾಳೆಯೇ ಜಿಯೋಮೆಂಬ್ರೇನ್. ಅದು ನೀರನ್ನು ತಡೆಯುತ್ತದೆ. ಜಿಯೋಟೆಕ್ಸ್‌ಟೈಲ್ ಎಂದರೆ ನೆಲದೊಳಗೆ ಹಾಸುವ ಬಟ್ಟೆ; ಅದು ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ಈ ವಿಷಯದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1977ರಲ್ಲಿ ಪ್ಯಾರಿಸಿನಲ್ಲಿ ಸೇರಿತು. ಹನ್ನೆರಡನೆಯದು 2023ರಲ್ಲಿ ರೋಮಿನಲ್ಲಿ ನಡೆಯಿತು.

ನಮ್ಮ ಎರೆ ಭೂಮಿಯ ಗುಣ ನಿಮಗೆ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಖಡಿ ಹಾಕಿ ರಸ್ತೆ ಮಾಡಿದರೆ ಕಬ್ಬಿನ ಗಾಡಿಯ ಭಾರಕ್ಕೆ ಖಡಿ ಕೆಳಗಿಳಿಯುತ್ತದೆ, ಹಸಿ ಮಣ್ಣು ಮೇಲೇರುತ್ತದೆ. ನಡುವೆ ಬಟ್ಟೆ ಇದ್ದರೆ ಎರಡೂ ತಮ್ಮ ಜಾಗ ಬಿಡುವುದಿಲ್ಲ.

ಈ ಕೆಲಸಕ್ಕೆ ತೆಂಗಿನ ನಾರಿನ ಬಟ್ಟೆಯೂ ಬರುತ್ತದೆ. ಅದು ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ, ನಿಜ. ಅಷ್ಟರೊಳಗೆ ಕೆಳಗಿನ ಮಣ್ಣು ಗಟ್ಟಿಯಾಗಿರಬೇಕೆಂಬುದು ಲೆಕ್ಕ. 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ 7 ರಾಜ್ಯಗಳ 1,674 ಕಿಲೋಮೀಟರ್ ರಸ್ತೆಗೆ ಇದನ್ನು ಬಳಸುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ಅದರಲ್ಲಿ ಮಹಾರಾಷ್ಟ್ರಕ್ಕೆ 328, ತಮಿಳುನಾಡಿಗೆ 369, ಆಂಧ್ರಕ್ಕೆ 164, ತೆಲಂಗಾಣಕ್ಕೆ 121, ಕೇರಳಕ್ಕೆ 71 ಕಿಲೋಮೀಟರ್. ಗಡಿಯಾಚೆ ಕನ್ನಡಿಗರು ನೆಲೆಸಿರುವ ರಾಜ್ಯಗಳೇ ಇವು!

ಹಾಸಿದ ಬಟ್ಟೆ ಕಣ್ಣಿಗೆ ಕಾಣದು. ಮೂರು ಮಳೆಗಾಲ ಕಳೆದ ಮೇಲೆ ರಸ್ತೆ ಹೇಗಿದೆ ಎಂದು ನೋಡುವವರು ದಿನವೂ ಅದರ ಮೇಲೆ ನಡೆಯುವ ನಾವು. ನಮ್ಮ ಮಾತು ಸಮ್ಮೇಳನಕ್ಕೆ ಹೋಗದಿದ್ದರೆ ಎರೆ ನೆಲದ ರಸ್ತೆಯ ತೀರ್ಮಾನ ಎರೆ ನೆಲ ತುಳಿಯದವರ ಕೈಯಲ್ಲಿ ಉಳಿಯುತ್ತದೆ.

ಆದ್ದರಿಂದ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ನನ್ನ ಮಾತು. ಬ್ಯಾಂಕಿನ ಕೌಂಟರಿನಲ್ಲಿ ನಾನು ಸಾವಿರಾರು ಸಾಲದ ಅರ್ಜಿ ನೋಡಿದ್ದೇನೆ. ಏಕೆ, ಎಷ್ಟು, ಹೇಗೆ ಎಂಬ ಮೂರಕ್ಕೆ ಉತ್ತರವಿರುವ ಅರ್ಜಿಯೇ ಮೇಲಿನ ಮೇಜಿಗೆ ಹೋಗುತ್ತಿತ್ತು. ಸಾರಾಂಶವೂ ಹಾಗೆಯೇ. ತೊಂದರೆ ಯಾವುದು, ಏನು ಮಾಡಿದರು, ಅಳೆದಾಗ ಏನು ಸಿಕ್ಕಿತು, ಇಷ್ಟನ್ನು ಬರೆಯಿರಿ. ಬಟ್ಟೆ ಹಾಸಿದ ತುಂಡು, ಹಾಸದ ತುಂಡು ಎರಡರಲ್ಲೂ ಗಾಡಿಯ ಜಾಡು ಎಷ್ಟು ಬೆರಳು ಇಳಿದಿದೆ ಎಂದು ಮಳೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆದಿಡಿರಿ. ಕೆಲಸ ಕೆಟ್ಟಿದ್ದರೆ ಅದನ್ನೂ ಬರೆಯಿರಿ. ಮುಂದಿನವರಿಗೆ ಅದೇ ಹೆಚ್ಚು ಉಪಯೋಗ. ಕೊನೆಯ ದಿನಾಂಕ ಮಾತ್ರ ದಾಟಬೇಡಿರಿ.

ಬರೆಯುವುದು ಇಂಗ್ಲಿಷಿನಲ್ಲಾದರೂ ಕೇಳುವುದು ಕನ್ನಡದಲ್ಲಿ, ಮರಾಠಿಯಲ್ಲಿ ಆಗಲಿ. ಎರೆ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನಿಮ್ಮ ಅಜ್ಜ ಕಾಲಿನಿಂದಲೇ ಹೇಳಬಲ್ಲರು. ಮೊದಲು ಅವರನ್ನು ಕೇಳಿರಿ, ಆಮೇಲೆ ಟೇಪು ಹಿಡಿಯಿರಿ.