ಕಸುಬಿಗೆ ಕೈ ಹಾಕುವ ಮುನ್ನ ಮೂರು ತಿಂಗಳು

(ಕೊಪ್ಪಳದಲ್ಲಿ ಹೆತ್ತವರು ಮತ್ತು ಜಮಾಅತ್ ಪದಾಧಿಕಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹುಡುಗ ಶಾಲೆ ಬಿಟ್ಟರೆ ನಮ್ಮ ಮನೆಗಳಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: "ಉಸ್ತಾದರ ಬಳಿ ಬಿಡಿ, ಕೆಲಸ ಕಲಿಯುತ್ತಾನೆ." ಅವನು ಕಲಿಯುತ್ತಾನೆ, ನಿಜ. ಗಂಗಾವತಿಯ ಯುವಕನೊಬ್ಬ ಹೀಗೆಯೇ ಎಂಟು ವರ್ಷ ವೆಲ್ಡಿಂಗ್ ಕಲಿತ. ಬಳಿಕ ಕಾರ್ಖಾನೆಯೊಂದರ ಬಾಗಿಲಿಗೆ ಹೋದಾಗ ಅವರು ಮೊದಲು ಪ್ರಮಾಣಪತ್ರ ಕೇಳಿದರು. ಅದಿರಲಿಲ್ಲ. ನಕ್ಷೆಯೊಂದನ್ನು ಕೊಟ್ಟು ಅದರಂತೆ ಕಬ್ಬಿಣ ಕತ್ತರಿಸಲು ಹೇಳಿದರು. ಉಸ್ತಾದರು ಕಲಿಸಿದ್ದು 'ಸೂತ್' ಲೆಕ್ಕ, ನಕ್ಷೆಯಲ್ಲಿದ್ದುದು ಮಿಲಿಮೀಟರ್. ಒಂದು ಸೂತ್ ಎಂದರೆ ಇಂಚಿನ ಎಂಟನೆಯ ಒಂದು ಭಾಗ, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನು ಹಿಂದಿರುಗಿದ. ಅವನ ಕೈಯಲ್ಲಿ ದೋಷವಿರಲಿಲ್ಲ, ದೋಷವಿದ್ದುದು ನಮ್ಮ ವ್ಯವಸ್ಥೆಯಲ್ಲಿ.

2006ರಲ್ಲಿ ಸಾಚಾರ್ ಸಮಿತಿಯು ಸಲ್ಲಿಸಿದ ವರದಿಯ ಪ್ರಕಾರ ದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಶೇ. 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳು. ಕಸುಬು ನಮ್ಮಲ್ಲಿ ಧಾರಾಳವಾಗಿದೆ. ಆದರೆ ಆ ಕಸುಬಿಗೆ ಮನ್ನಣೆ, ಭದ್ರತೆ, ಬಡ್ತಿ ಇಲ್ಲ.

ಸರಕಾರದ ಮೇಲೆ ಆರೋಪ ಹೊರಿಸುವ ಮುನ್ನ, ಇರುವ ಕಾನೂನನ್ನು ನಾವು ಬಳಸಿದ್ದೇವೆಯೇ ಎಂದು ಕೇಳಿಕೊಳ್ಳೋಣ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, ಸಂಸ್ಥೆಯಲ್ಲಿ ಕಲಿಯದೆ ನೇರವಾಗಿ ಬಂದ ಶಿಶಿಕ್ಷುವಿಗೆ ಕಾರ್ಯಾಗಾರದ ಕೆಲಸಕ್ಕೆ ಮೊದಲು ಮೂಲ ತರಬೇತಿ ಸಿಗಬೇಕು. ವಯಸ್ಸು 14 ತುಂಬಿರಬೇಕು, ಅಪಾಯಕಾರಿ ಕೆಲಸಗಳಿಗೆ 18. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. 2019ರ ತಿದ್ದುಪಡಿಯು ವಿದ್ಯಾರ್ಹತೆಗನುಸಾರ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ಕನಿಷ್ಠ ಭತ್ಯೆ ಗೊತ್ತುಪಡಿಸಿತು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ವಿಭಾಗಗಳಿಗೆ ಎಸೆಸೆಲ್ಸಿ ಬೇಕು, ವೆಲ್ಡರ್‌ಗೆ ಎಂಟನೆಯ ತರಗತಿ ಸಾಕು. 371(ಜೆ) ವಿಧಿಯಿಂದಾಗಿ ನಮ್ಮ ಜಿಲ್ಲೆಯವರಿಗೆ ಶಿಕ್ಷಣ ಸಂಸ್ಥೆಗಳಲ್ಲೂ ಸರಕಾರಿ ಹುದ್ದೆಗಳಲ್ಲೂ ಮೀಸಲಾತಿಯಿದೆ. ಆದರೆ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟ ಮನೆಗಳೆಷ್ಟು?

ಗಿಣಿಗೇರಿಯ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ. ಯಲಬುರ್ಗಾ, ಕುಷ್ಟಗಿ ಕಡೆಯ ಹೊಲಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಇವುಗಳ ಹೊಗೆ, ಧೂಳು ನಮ್ಮ ಪಾಲಿಗೆ ಬರುವುದಾದರೆ ಉದ್ಯೋಗವೂ ನಮ್ಮ ಪಾಲಿಗೆ ಬರಬೇಕಲ್ಲವೇ?

ಆದ್ದರಿಂದ ನನ್ನ ಸಲಹೆ ಇಷ್ಟೇ. ಎಸೆಸೆಲ್ಸಿ ಪರೀಕ್ಷೆ ಮುಗಿದ ಬಳಿಕ ಮೂರು ತಿಂಗಳ ಪೂರ್ವಸಿದ್ಧತಾ ತರಗತಿಯನ್ನು ನಾಲ್ಕೂ ಪಟ್ಟಣಗಳ ಜಮಾಅತ್‌ಗಳು ನಡೆಸಲಿ. ಮದ್ರಸದ ಕೋಣೆಗಳು ಹಗಲಿನಲ್ಲಿ ಖಾಲಿ ಇರುವ ವೇಳೆ ಸಾಕು. ಭಿನ್ನರಾಶಿ ಮತ್ತು ದಶಮಾಂಶ, ವರ್ನಿಯರ್ ಓದುವುದು, ಸರಳ ನಕ್ಷೆ ಬಿಡಿಸುವುದು, ವಿದ್ಯುತ್ ಮತ್ತು ಬೆಂಕಿಯ ಎಚ್ಚರಿಕೆ, ಅರ್ಜಿ ಬರೆಯುವಷ್ಟು ಕನ್ನಡ ಮತ್ತು ಇಂಗ್ಲಿಷ್ - ಇವಿಷ್ಟನ್ನು ಕಲಿಸಿದರೆ ಹುಡುಗ ಐಟಿಐಯ ಮೊದಲ ತಿಂಗಳಲ್ಲೇ ಹೆದರಿ ಓಡಿ ಬರುವುದಿಲ್ಲ. ನಿವೃತ್ತ ಶಿಕ್ಷಕರೂ ನುರಿತ ಉಸ್ತಾದರೂ ಒಂದೇ ತರಗತಿಯಲ್ಲಿ ಕಲಿಸಲಿ. ಉಸ್ತಾದರನ್ನು ದೂರವಿಟ್ಟರೆ ಈ ಕೆಲಸ ನಡೆಯದು. ಅವರು ಕೈಗೆ ಕೊಟ್ಟ ಹದವನ್ನು ಯಾವ ಪುಸ್ತಕವೂ ಕೊಡಲಾರದು.

ಹೆಣ್ಣುಮಕ್ಕಳನ್ನು ಮರೆಯದಿರಿ. ಮನೆಯಲ್ಲಿ ಕುಳಿತು ಹೊಲಿಯುವ ತಂಗಿಗೆ ಅಳತೆಯ ಲೆಕ್ಕ ಮತ್ತು ಪ್ರಮಾಣಪತ್ರ ಸಿಕ್ಕರೆ ದಲ್ಲಾಳಿಯ ಬೆಲೆಗೆ ತಲೆಬಾಗಬೇಕಿಲ್ಲ.

ತಂದೆಯರಲ್ಲಿ ಒಂದು ಮಾತು. ಇಂದು ಗ್ಯಾರೇಜಿನಿಂದ ಮಗ ತರುವ ದಿನದ ನೂರಿನ್ನೂರು ರೂಪಾಯಿ ಒಲೆ ಉರಿಸುತ್ತದೆ ಎಂಬುದನ್ನು ನಾನು ಬಲ್ಲೆ. ಆ ಮೂರು ತಿಂಗಳ ನಷ್ಟವನ್ನು ಬಡ ಮನೆಯೊಂದೇ ಹೊರಬೇಕೆಂದರೆ ಅದು ಅನ್ಯಾಯ. ಝಕಾತ್ ಸಂಗ್ರಹದಿಂದ ಅರ್ಹ ಕುಟುಂಬಗಳಿಗೆ ಆ ಅವಧಿಯ ಆಸರೆ ನೀಡಲು ಜಮಾಅತ್‌ಗಳು ಮುಂದೆ ಬರಲಿ.

ಕಬ್ಬಿಣವನ್ನು ಅಳತೆಗೆ ತಕ್ಕಂತೆ ಹೆಣೆದ ಪ್ರವಾದಿ ದಾವೂದ್(ಅ)ರ ಕಸುಬನ್ನು ನಾವು ಪ್ರವಚನಗಳಲ್ಲಿ ಅಭಿಮಾನದಿಂದ ನೆನೆಯುತ್ತೇವೆ. ಆ ಅಳತೆಯನ್ನು ನಮ್ಮ ಮಕ್ಕಳಿಗೂ ಕಲಿಸೋಣ. ಮುಂದಿನ ಬೇಸಿಗೆಗೆ ಮುನ್ನ ಒಂದೊಂದು ಪಟ್ಟಣದಲ್ಲಿ ಒಂದೊಂದು ಕೋಣೆಯಾದರೂ ತೆರೆಯಲಿ. ಇನ್ಶಾ ಅಲ್ಲಾಹ್.